ಮನಸ್ಸಿಗೆ ಅನಿಸದಿದ್ದರೆ ಕ್ಷಮೆ ಸಿಕ್ಕಿಲ್ಲವೇ? ಲೂಥರನ್ನರ ಮನೆಯೊಳಗಿನ ಒಂದು ಹಳೆಯ ಜಗಳ

ಎಲ್ಲರಿಗೂ ನಮಸ್ಕಾರ. 'ನೀತಿವಂತರೆಂಬ ನಿರ್ಣಯ' ಅನ್ನುವ ಮಾತು ಕೇಳಿದ ತಕ್ಷಣ ಕೆಲವರಿಗೆ, ಇದು ಪಾದ್ರಿಗಳ ತರಗತಿಗೆ ಸೇರಿದ್ದು, ನಮಗೇಕೆ ಅನಿಸಬಹುದು. ಅದಕ್ಕೇ ಮೊದಲು ವಿಷಯವನ್ನು ಸರಳ ಮಾಡಿ ಹೇಳುತ್ತೇನೆ.

ಪಾಪಿಯಾದ ಮನುಷ್ಯ ದೇವರ ಮುಂದೆ ನಿಂತಿದ್ದಾನೆ. ದೇವರು ಅವನನ್ನು ನೀತಿವಂತ ಎಂದು ತೀರ್ಪು ಕೊಡುತ್ತಾನೆ. ಯಾವ ಆಧಾರದ ಮೇಲೆ? ಇದು ಮೊದಲ ಪ್ರಶ್ನೆ. ಆ ತೀರ್ಪು ನನಗೂ ಆಗಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಇದು ಎರಡನೆಯದು. ಮೊದಲ ಪ್ರಶ್ನೆಗೆ ಲೂಥರನ್ನರ, ಅಂದರೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಅವರ ದಾರಿ ಹಿಡಿದ ಪ್ರೊಟೆಸ್ಟೆಂಟರ, ಉತ್ತರ ನಿಮಗೆ ಗೊತ್ತಿರುವುದೇ: ಕ್ರಿಸ್ತನ ನಿಮಿತ್ತ, ಕೃಪೆಯಿಂದ, ನಂಬಿಕೆಯ ಮೂಲಕ. ಅದರ ಮೇಲೆ ರೋಮ್ (ಪೋಪರ ಕ್ಯಾಥೊಲಿಕ್ ಸಭೆ) ಜೊತೆ ನಡೆದ ಜಗಳ ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಎರಡನೆಯ ಪ್ರಶ್ನೆಯ ಮೇಲೆ ಅವರು ತಮ್ಮತಮ್ಮಲ್ಲೇ ಆಡಿದ ಜಗಳ ಅಷ್ಟು ಪ್ರಸಿದ್ಧವಲ್ಲ. ನನಗೆ ಅದೇ ಜಾಸ್ತಿ ಆಸಕ್ತಿಯ ವಿಷಯ. ಯಾಕೆಂದರೆ ಭಾವನೆಯನ್ನು ಮುಂಬಾಗಿಲಿನಿಂದ ಹೊರಗೆ ಕಳಿಸಿದ ಪ್ರತಿ ಸಲವೂ ಅದು ಹಿತ್ತಲಿನಿಂದ ಒಳಗೆ ಬಂದಿದೆ. ಕಳಿಸಿದವರಿಗೇ ಅದು ಕೆಲವು ಸಲ ಗೊತ್ತಾಗಿಲ್ಲ.

ಲೂಥರ್ 1505ರಲ್ಲಿ ಎರ್ಫರ್ಟ್‌ನ ಅಗಸ್ಟಿನಿಯನ್ ಮಠ ಸೇರಿದರು. ಅಲ್ಲಿ ಅವರನ್ನು ಕಾಡಿದ್ದು 'ನಾನು ಪಾಪ ಮಾಡಿದೆ' ಅನ್ನುವುದಷ್ಟೇ ಅಲ್ಲ. 'ನಾನು ಸಾಕಷ್ಟು ದುಃಖಪಟ್ಟೆನಾ?' ಅನ್ನುವುದು. ಪಾಪನಿವೇದನೆಗೆ ಪಶ್ಚಾತ್ತಾಪ ಬೇಕು. ಆ ಪಶ್ಚಾತ್ತಾಪ ದೇವರ ಮೇಲಿನ ಪ್ರೀತಿಯಿಂದ ಬಂದದ್ದೋ, ನರಕದ ಹೆದರಿಕೆಯಿಂದ ಬಂದದ್ದೋ? ಇದನ್ನು ಅಳೆಯುವುದು ಹೇಗೆ? ಗಂಟೆಗಟ್ಟಲೆ ಪಾಪ ಹೇಳಿಕೊಂಡು ಹೊರಗೆ ಬಂದರೂ ಸಮಾಧಾನವಿಲ್ಲ. ಅವರ ಮೇಲಧಿಕಾರಿ ಸ್ಟೌಪಿಟ್ಜ್ ಒಂದು ಬುದ್ಧಿಮಾತು ಹೇಳಿದರು: ನಿನ್ನೊಳಗೆ ನೋಡಿಕೊಳ್ಳುವುದನ್ನು ಬಿಟ್ಟು ಕ್ರಿಸ್ತನ ಗಾಯಗಳನ್ನು ನೋಡು. ಲೂಥರ್ ಜೀವನವಿಡೀ ಈ ಮಾತನ್ನು ನೆನೆದರು.

ಹಾಗಾಗಿ ಭಾವನೆಯ ಪ್ರಶ್ನೆ ಲೂಥರನ್ನರಿಗೆ ಆಮೇಲೆ ಬಂದು ಅಂಟಿಕೊಂಡದ್ದಲ್ಲ. ಅವರ ಕಥೆ ಶುರುವಾದದ್ದೇ ಅಲ್ಲಿಂದ. 1518ರ ಅಕ್ಟೋಬರ್‌ನಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಪೋಪರ ಪ್ರತಿನಿಧಿ ಕಾರ್ಡಿನಲ್ ಕಯೆತಾನ್ ಅವರು ಲೂಥರ್ ಅವರನ್ನು ವಿಚಾರಣೆ ಮಾಡಿದರು. ಪಾಪಕ್ಷಮೆಯ ಚೀಟಿಗಳ ವಿಷಯ ಒಂದು ಕಡೆ ಇರಲಿ. ಕಯೆತಾನ್ ಹಿಡಿದುಕೊಂಡ ಇನ್ನೊಂದು ಅಂಶ ಇತ್ತು. ಗುರು 'ನಿನ್ನ ಪಾಪ ಕ್ಷಮಿಸಲ್ಪಟ್ಟಿದೆ' ಅಂದಾಗ ಕೇಳಿದವನು ಅದನ್ನು ಸಂಶಯವಿಲ್ಲದೆ ನಂಬಬೇಕು ಎಂದು ಲೂಥರ್ ಬರೆದಿದ್ದರು. ತನಗೆ ಕೃಪೆ ಸಿಕ್ಕಿದೆಯೋ ಇಲ್ಲವೋ ಎಂದು ಯಾವ ಮನುಷ್ಯನೂ ಖಚಿತವಾಗಿ ಹೇಳಲಾರ ಎಂಬುದು ಕಾರ್ಡಿನಲ್ ನಿಲುವು. ಲೂಥರ್ ಹೇಳುವುದನ್ನು ಒಪ್ಪಿದರೆ ಹೊಸ ಸಭೆಯನ್ನೇ (ಚರ್ಚನ್ನೇ) ಕಟ್ಟಿದ ಹಾಗೆ ಎಂದು ಅವರು ಬರೆದರು. ಕಯೆತಾನ್ ದಡ್ಡರಲ್ಲ, ಆ ಕಾಲದ ದೊಡ್ಡ ವಿದ್ವಾಂಸರು. ಅಪಾಯ ಎಲ್ಲಿದೆ ಅಂತ ಅವರಿಗೆ ಬೇಗ ಕಂಡಿತ್ತು.

ಲೂಥರ್ ಹೇಳುವ ಖಾತರಿ ಎಲ್ಲಿಂದ ಬರುತ್ತದೆ? ಎದೆಯೊಳಗಿನ ಬೆಚ್ಚಗಿನ ಅನುಭವದಿಂದಲ್ಲ. 1535ರಲ್ಲಿ ಅಚ್ಚಾದ ಗಲಾತ್ಯ ಪತ್ರಿಕೆಯ ವ್ಯಾಖ್ಯಾನದಲ್ಲಿ ಅವರು ಇದನ್ನು ಬಿಡಿಸಿ ಹೇಳುತ್ತಾರೆ. ನಮ್ಮ ಬೋಧನೆ ಗಟ್ಟಿ ಯಾಕೆಂದರೆ ಅದು ನಮ್ಮನ್ನು ನಮ್ಮಿಂದಲೇ ಕಿತ್ತು ಹೊರಗೆ ಇಡುತ್ತದೆ. ನಮ್ಮ ಬಲ, ನಮ್ಮ ಮನಸ್ಸಾಕ್ಷಿ, ನಮ್ಮ ಅನುಭವ, ನಮ್ಮ ಕ್ರಿಯೆ ಇವುಗಳ ಮೇಲೆ ಆತುಕೊಳ್ಳದೆ, ಸುಳ್ಳಾಗಲಾರದ ದೇವರ ವಾಗ್ದಾನದ ಮೇಲೆ ಆತುಕೊಳ್ಳುವಂತೆ ಮಾಡುತ್ತದೆ. ಆ ಪಟ್ಟಿಯಲ್ಲಿ 'ಅನುಭವ' ಕೂಡ ಇದೆ, ಗಮನಿಸಿ.

ಇಷ್ಟು ಸ್ಪಷ್ಟ ಇದ್ದ ಮೇಲೆ ಜಗಳ ಯಾಕೆ ಬಂತು?

1521ರ ಡಿಸೆಂಬರ್ ಕೊನೆಯಲ್ಲಿ ತ್ಸ್ವಿಕಾವ್ ಎಂಬ ಊರಿನಿಂದ ಮೂವರು ಲೂಥರ್ ಅವರ ಊರಾದ ವಿಟನ್‌ಬರ್ಗ್‌ಗೆ ಬಂದರು. ದೇವರು ನಮ್ಮ ಜೊತೆ ನೇರವಾಗಿ ಮಾತಾಡುತ್ತಾನೆ, ದರ್ಶನ ಕೊಡುತ್ತಾನೆ ಎಂದರು. ಲೂಥರ್ ಆಗ ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿದ್ದರು. ಅಲ್ಲಿದ್ದ ಅವರ ಸಹೋದ್ಯೋಗಿ ಮೆಲಾಂಕ್ಟನ್‌ಗೆ ಏನು ಹೇಳಬೇಕೋ ತೋಚಲಿಲ್ಲ. ಲೂಥರ್ ಪತ್ರ ಬರೆದರು. ಆ ಪತ್ರ ನನಗೆ ಬಹಳ ಇಷ್ಟ. 'ಸತ್ಯವೇದದ (ಬೈಬಲ್ಲಿನ) ವಚನ ತೋರಿಸಿ ಅಂತ ಕೇಳು' ಎಂದಷ್ಟೇ ಬರೆದಿದ್ದರೆ ನಮ್ಮ ಕಥೆ ಸುಲಭವಾಗುತ್ತಿತ್ತು. ಆದರೆ ಅವರು ಬರೆದದ್ದು ಬೇರೆ: ಆತ್ಮದ ಸಂಕಟ, ಮರಣ, ನರಕ ಇವುಗಳನ್ನು ಅವರು ಅನುಭವಿಸಿದ್ದಾರಾ ಕೇಳು. ಎಲ್ಲವೂ ಹಿತವಾಗಿ, ಶಾಂತವಾಗಿ, ಭಕ್ತಿಮಯವಾಗಿ ಇತ್ತು ಅಂದರೆ, ಮೂರನೆಯ ಆಕಾಶಕ್ಕೆ ಹೋಗಿ ಬಂದೆವು ಅಂದರೂ ಒಪ್ಪಬೇಡ. ನೋಡಿ, ಇಲ್ಲಿ ಲೂಥರ್ ತಾವೇ ಅನುಭವವನ್ನು ಪರೀಕ್ಷೆಗೆ ಬಳಸುತ್ತಿದ್ದಾರೆ! ಅನುಭವ ಬೇಡ ಅನ್ನುವುದು ಅವರ ಮಾತಲ್ಲ. ಅವರ ಪ್ರಕಾರ ಅನುಭವ ಮನುಷ್ಯನನ್ನು ದೇವರ ವಾಕ್ಯದ ಕಡೆಗೆ ಅಟ್ಟಬೇಕು, ವಾಕ್ಯದ ಜಾಗದಲ್ಲಿ ತಾನೇ ಕೂರಬಾರದು.

ಮುಂದೆ ಕಾರ್ಲ್‌ಸ್ಟಾಟ್, ಥಾಮಸ್ ಮ್ಯುಂತ್ಸರ್ ಎಂಬ, ಒಮ್ಮೆ ಲೂಥರ್ ಕಡೆಯವರೇ ಆಗಿದ್ದವರ ಜೊತೆ ಜಗಳ ಕಹಿಯಾಯಿತು. ಕಾರ್ಲ್‌ಸ್ಟಾಟ್ ಪವಿತ್ರಾತ್ಮನನ್ನು ಗರಿಗಳ ಸಮೇತ ನುಂಗಿದ್ದಾನೆ ಎಂದು ಲೂಥರ್ 1525ರಲ್ಲಿ ಗೇಲಿ ಮಾಡಿದರು. ಮ್ಯುಂತ್ಸರ್ ಅದೇ ವರ್ಷ ರೈತರ ದಂಗೆಯಲ್ಲಿ ಸಿಕ್ಕಿ ತಲೆ ಕಳೆದುಕೊಂಡರು. 1537ರ ಶ್ಮಾಲ್ಕಾಲ್ಡ್ ಲೇಖನಗಳು ಎಂಬ ನಂಬಿಕೆಯ ಹೇಳಿಕೆಯಲ್ಲಿ ಲೂಥರ್ ನಿಯಮವನ್ನೇ ಬರೆದಿಟ್ಟರು: ಹೊರಗಿನಿಂದ ಕಿವಿಗೆ ಬೀಳುವ ವಾಕ್ಯ ಮೊದಲು, ಅದರ ಮೂಲಕ ಅಥವಾ ಅದರ ಜೊತೆಗೇ ದೇವರು ತನ್ನ ಆತ್ಮವನ್ನು ಕೊಡುತ್ತಾನೆ, ಬೇರೆ ದಾರಿಯಿಲ್ಲ. ವಾಕ್ಯವನ್ನು ಬಿಟ್ಟು ಒಳಗಿನ ದನಿಯನ್ನೇ ನೆಚ್ಚುವ ಈ ಆವೇಶದ ರೋಗ ಆದಾಮನಿಂದಲೇ ಶುರು ಎಂದರು. ಪೋಪ್ ಕೂಡ ಅದೇ ರೋಗದವರು, ತನ್ನ ಎದೆಯೊಳಗಿನದ್ದನ್ನೇ ಕಾನೂನು ಮಾಡುತ್ತಾರೆ ಎಂದರು. ಮ್ಯುಂತ್ಸರ್‌ನನ್ನೂ ಪೋಪ್‌ನನ್ನೂ ಒಂದೇ ಚೀಲಕ್ಕೆ ತುಂಬಿದ್ದು ಇಬ್ಬರಿಗೂ ಹಿಡಿಸಿರಲಾರದು.

ಲೂಥರ್ 1546ರಲ್ಲಿ ತೀರಿಕೊಂಡರು. ನಾಲ್ಕೇ ವರ್ಷದಲ್ಲಿ ಆಂಡ್ರಿಯಾಸ್ ಓಸಿಯಾಂಡರ್ ಬಾಂಬ್ ಹಾಕಿದರು. ನ್ಯೂರೆಂಬರ್ಗ್‌ನ ದೊಡ್ಡ ಸುಧಾರಕ ಇವರು. ಕೋಪರ್ನಿಕಸ್ ಅವರ 1543ರ ಗ್ರಂಥಕ್ಕೆ ಹೆಸರು ಹಾಕದೆ ಮುನ್ನುಡಿ ಬರೆದು, 'ಇದು ಬರೀ ಲೆಕ್ಕದ ಊಹೆ' ಅಂದವರೂ ಇವರೇ. 1549ರಲ್ಲಿ ಕ್ಯೋನಿಗ್ಸ್‌ಬರ್ಗ್‌ಗೆ ಹೋದರು. ಮರುವರ್ಷ ಒಂದು ವಾದಸಭೆಯಲ್ಲಿ ಹೇಳಿದರು: ದೇವರು ಸುಮ್ನೆ ಕೋರ್ಟಿನ ಹಾಗೆ 'ನೀತಿವಂತ' ಅಂತ ಘೋಷಿಸುತ್ತಾನೆ ಅನ್ನುವವರು ಮಂಜುಗಡ್ಡೆಗಿಂತ ತಣ್ಣಗಿನ ಬೋಧನೆ ಮಾಡುತ್ತಾರೆ. ನಿಜವಾಗಿ ಆಗುವುದು ಏನೆಂದರೆ, ಕ್ರಿಸ್ತನ ದೈವಸ್ವಭಾವವೇ ನಂಬುವವನೊಳಗೆ ಬಂದು ನೆಲೆಸುತ್ತದೆ, ಆ ನೀತಿಯಿಂದ ಅವನು ನೀತಿವಂತ.

ಕೇಳೋಕೆ ಚೆನ್ನಾಗಿದೆ, ಅಲ್ವಾ? ಕೋರ್ಟಿನ ತೀರ್ಪಿಗಿಂತ ಇದು ಬೆಚ್ಚಗೂ ಇದೆ. ಓಸಿಯಾಂಡರ್ ಭಾವನೆಯ ಬಗ್ಗೆ ಮಾತೇ ಆಡಿರಲಿಲ್ಲ. ಆದರೆ ಒಂದು ತೊಂದರೆ ಇತ್ತು. ನನ್ನ ನೀತಿ ನನ್ನೊಳಗೆ ವಾಸಿಸುವ ಕ್ರಿಸ್ತ ಅಂತಾದರೆ, ಸಾವಿನ ಹಾಸಿಗೆಯಲ್ಲಿ ಮಲಗಿದವನು ಎಲ್ಲಿ ನೋಡಬೇಕು? ತನ್ನೊಳಗೆ ನೋಡಿಕೊಳ್ಳಬೇಕು. ಅಲ್ಲಿ ಅವನಿಗೆ ಕಾಣುವುದು ಸಿಟ್ಟು, ಭಯ, ಹಳೆಯ ಆಸೆಗಳು. ಹೀಗೆ ಸ್ಟೌಪಿಟ್ಜ್ ಮುಚ್ಚಿದ ಬಾಗಿಲನ್ನು ಓಸಿಯಾಂಡರ್ ಮತ್ತೆ ತೆರೆದರು. ಒಬ್ಬರ ಮುಖ ಒಬ್ಬರು ನೋಡದಿದ್ದ ಲೂಥರನ್ ಪಂಡಿತರು ಮೆಲಾಂಕ್ಟನ್ ಮತ್ತು ಫ್ಲಾಸಿಯಸ್ ಇಬ್ಬರೂ ಈ ವಿಷಯದಲ್ಲಿ ಒಂದಾಗಿ ಎದುರು ನಿಂತರು. ಓಸಿಯಾಂಡರ್ 1552ರಲ್ಲಿ ತೀರಿಕೊಂಡ ಮೇಲೂ ಗಲಾಟೆ ನಿಲ್ಲಲಿಲ್ಲ. ಅದು ಅರಮನೆಯ ರಾಜಕೀಯದ ಜೊತೆ ಬೆರೆತು, 1566ರಲ್ಲಿ ಅವರ ಅಳಿಯ ಫುಂಕ್ ತಲೆದಂಡ ತೆತ್ತರು. ಕೊನೆಗೆ 1577ರ ಒಡಂಬಡಿಕೆಯ ಸೂತ್ರ ಎಂಬ ಲೂಥರನ್ ದಾಖಲೆಯ ಮೂರನೆಯ ಲೇಖನ ತೀರ್ಮಾನ ಕೊಟ್ಟಿತು. ಕ್ರಿಸ್ತನು ನಂಬುವವರಲ್ಲಿ ವಾಸಿಸುವುದು ನಿಜ. ಆದರೆ ಆ ವಾಸವೇ ನಮ್ಮನ್ನು ನೀತಿವಂತರನ್ನಾಗಿ ಮಾಡುವ ನೀತಿ ಅಲ್ಲ. ಅದು ನೀತಿವಂತರೆಂಬ ನಿರ್ಣಯದ ನಂತರ ಬರುವಂಥದ್ದು.

ಮುಂದಿನ ನೂರು ವರ್ಷ ಬೇಗ ದಾಟಿಬಿಡೋಣ. ಯುದ್ಧ, ದಪ್ಪ ದಪ್ಪ ಸಿದ್ಧಾಂತ ಗ್ರಂಥಗಳು, ಇನ್ನೂ ದಪ್ಪ ಖಂಡನೆಗಳು. 1675ರಲ್ಲಿ ಫ್ರಾಂಕ್‌ಫರ್ಟ್‌ನ ಪಾದ್ರಿ ಸ್ಪೇನರ್ ಒಂದು ಸಣ್ಣ ಪುಸ್ತಕ ಹೊರತಂದರು. ಜನ ದೀಕ್ಷಾಸ್ನಾನ ಆಗಿದೆ, ಭಾನುವಾರ ಪಾಪನಿವೇದನೆ ಮಾಡಿ ಕರ್ತನ ಭೋಜನ ತಗೊಂಡಿದ್ದೀವಿ, ಮುಗೀತು ಅಂದುಕೊಂಡಿದ್ದಾರೆ, ಬದುಕಿನಲ್ಲಿ ಏನೂ ಬದಲಾಗಿಲ್ಲ ಎಂಬುದು ಅವರ ದೂರು. ಒಳಗಿನ ಬದಲಾವಣೆಗೆ ಒತ್ತು ಕೊಟ್ಟ ಭಕ್ತಿವಾದ ಎಂಬ ಚಳವಳಿ ಹುಟ್ಟಿದ್ದು ಇಲ್ಲಿಂದ. ಈ ದೂರು ಸುಳ್ಳು ಅಂತ ನನಗೆ ಅನಿಸುವುದಿಲ್ಲ. ಸ್ಪೇನರ್ ಕೇಳಿದ್ದು ಮನೆಯಲ್ಲಿ ಕೂತು ಎಲ್ಲರೂ ಸತ್ಯವೇದ ಓದಲಿ ಅಂತ. ಅದನ್ನು ಭಾವನೆಯ ಹುಚ್ಚು ಅನ್ನುವುದು ಅನ್ಯಾಯ.

ತಿರುವು ಬಂದದ್ದು ಆಗಸ್ಟ್ ಹರ್ಮನ್ ಫ್ರಾಂಕೆ ಅವರಿಂದ. 1687ರಲ್ಲಿ ಲ್ಯೂನೆಬರ್ಗ್‌ನಲ್ಲಿ ಈ ಯುವಕ ಒಂದು ಪ್ರಸಂಗ ಮಾಡಬೇಕಿತ್ತು. ವಚನ ಯೋಹಾನ 20:31. ಯೇಸುವೇ ಕ್ರಿಸ್ತನೆಂದು ನೀವು ನಂಬುವಂತೆ ಇದನ್ನು ಬರೆದಿದೆ ಎಂಬ ಅರ್ಥದ ವಚನ. ತಯಾರಿ ಮಾಡುವಾಗ ತನಗೇ ನಂಬಿಕೆ ಇಲ್ಲ, ದೇವರಿದ್ದಾನೆ ಅನ್ನುವುದೂ ಖಚಿತವಿಲ್ಲ ಎಂದು ಅವರಿಗೆ ಹೊಳೆಯಿತು. ಮೊಣಕಾಲೂರಿ ಪ್ರಾರ್ಥಿಸಿದರು. ಕೈ ತಿರುಗಿಸುವಷ್ಟರಲ್ಲಿ ಸಂಶಯ ಹೋಯಿತು, ಸಂತೋಷ ತುಂಬಿತು ಎಂದು ಅವರೇ ಬರೆದಿದ್ದಾರೆ. ಮುಂದೆ ಹಾಲೆ ನಗರದಲ್ಲಿ ಅನಾಥಾಲಯ, ಶಾಲೆಗಳು, ಔಷಧಾಲಯ, ಮುದ್ರಣಾಲಯ ಎಲ್ಲ ಕಟ್ಟಿದರು. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದ ಮಿಷನರಿ ತ್ಸೀಗನ್‌ಬಾಲ್ಗ್ ಹಾಲೆಯ ಗರಡಿಯವರೇ. ಭಕ್ತಿವಾದಿಗಳ ಕೆಲಸವನ್ನು ಹಗುರ ಮಾಡುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು.

ಆದರೆ ಒಬ್ಬರ ಅನುಭವ ಎಲ್ಲರಿಗೂ ಅಚ್ಚಾಯಿತು. ಮೊದಲು ಪಶ್ಚಾತ್ತಾಪದ ಹೋರಾಟ, ಕಣ್ಣೀರು, ಹತಾಶೆ, ಆಮೇಲೆ ಒಂದು ಗೊತ್ತಾದ ಗಳಿಗೆಯಲ್ಲಿ ಬಿಡುಗಡೆ. ಈ ಕ್ರಮದಲ್ಲಿ ಆಗದವರ ನಂಬಿಕೆ ಅನುಮಾನದ್ದು. ಕೌಂಟ್ ತ್ಸಿನ್ಸೆನ್‌ಡಾರ್ಫ್ ಅಂಥ ಭಕ್ತನಿಗೇ, 'ನಿಮಗೆ ಆ ಹೋರಾಟ ಆಗಿಲ್ಲವಲ್ಲ' ಎಂದು ಹಾಲೆಯ ಕಡೆಯವರು ಕೊಂಕು ತೆಗೆದರು. ಡ್ರೆಸ್ಡೆನ್‌ನ ಲೂಥರನ್ ಪಾದ್ರಿ ಲ್ಯೋಶರ್ ಇದನ್ನು ಪತ್ರಿಕೆ ನಡೆಸಿ, ಪುಸ್ತಕ ಬರೆದು ಎದುರಿಸಿದರು. ಭಕ್ತಿ ಬೇಡ ಅಂತ ಲ್ಯೋಶರ್ ಹೇಳಲಿಲ್ಲ. ಭಕ್ತಿಯನ್ನು ನಿರ್ಣಯಕ್ಕೆ ಷರತ್ತು ಮಾಡಬೇಡಿ ಅಂದರು. 1719ರಲ್ಲಿ ಮೆರ್ಸೆಬರ್ಗ್‌ನಲ್ಲಿ ಫ್ರಾಂಕೆ ಮತ್ತು ಲ್ಯೋಶರ್ ಎದುರುಬದುರು ಕೂತರು. ರಾಜಿ ಆಗಲಿಲ್ಲ.

ಈಗ ನನಗೆ ಎಲ್ಲಕ್ಕಿಂತ ಹತ್ತಿರದ ಮನುಷ್ಯನಿಗೆ ಬರುತ್ತೇನೆ. ಕಾರ್ಲ್ ಫರ್ಡಿನಾಂಡ್ ವಿಲ್ಹೆಲ್ಮ್ ವಾಲ್ಥರ್, 1811ರಲ್ಲಿ ಸ್ಯಾಕ್ಸನಿಯಲ್ಲಿ ಹುಟ್ಟಿದವರು. ಲೈಪ್ಜಿಗ್‌ನಲ್ಲಿ ದೇವಶಾಸ್ತ್ರ ಓದುವಾಗ ಒಂದು ಭಕ್ತಿವಾದಿ ಗುಂಪಿಗೆ ಸೇರಿದರು. ವಿಶ್ವವಿದ್ಯಾಲಯದಲ್ಲಿ ಆಗ ವಿಚಾರವಾದದ್ದೇ (ಎಲ್ಲವನ್ನೂ ತರ್ಕದಿಂದಲೇ ಅಳೆಯುವ ವಾದ) ಗಾಳಿ. ಸತ್ಯವೇದವನ್ನು ಗಂಭೀರವಾಗಿ ಓದುತ್ತಿದ್ದದ್ದು ಈ ಗುಂಪೇ. ಅದರ ಮುಖಂಡ ದೀರ್ಘಕಾಲ ಒದ್ದಾಡಿ ಸಮಾಧಾನ ಕಂಡವನು. ನಾನು ಪಟ್ಟಷ್ಟು ಸಂಕಟ ನೀವೂ ಪಟ್ಟರೇ ನಿಜವಾದ ಕ್ರೈಸ್ತರು ಎಂದು ಹುಡುಗರಿಗೆ ಹೇಳಿದ. ವಾಲ್ಥರ್ ಪ್ರಯತ್ನಪಟ್ಟರು. ಪ್ರಾರ್ಥಿಸಿದರು, ಉಪವಾಸ ಮಾಡಿದರು, ದೇಹ ಸೊರಗಿತು. ಪಶ್ಚಾತ್ತಾಪ ಸಾಲದು ಅನ್ನುವ ಅನಿಸಿಕೆ ಮಾತ್ರ ಹೋಗಲಿಲ್ಲ. ನೆಟ್ಟ ಸಸಿ ಬೇರು ಬಿಟ್ಟಿದೆಯಾ ಅಂತ ದಿನಾ ಕಿತ್ತು ನೋಡಿದ ಹಾಗಿತ್ತು ಅವರ ಸ್ಥಿತಿ.

ಕೊನೆಗೆ ಡ್ರೆಸ್ಡೆನ್‌ನ ಪಾದ್ರಿ ಮಾರ್ಟಿನ್ ಸ್ಟೆಫಾನ್ ಅವರಿಗೆ ಪತ್ರ ಬರೆದರು. ಉತ್ತರ ಬಂತು. ಧರ್ಮಶಾಸ್ತ್ರದ, ಅಂದರೆ ಪಾಪವನ್ನು ತೋರಿಸುವ ದೇವರ ಆಜ್ಞೆಯ, ಏಟು ನಿನಗೆ ಯಾವಾಗಲೋ ಬಿದ್ದಿದೆ, ಇನ್ನು ಬೇಕಾಗಿರುವುದು ಜಾಸ್ತಿ ದುಃಖವಲ್ಲ, ನಂಬಿಕೆ ಎಂಬುದು ಅದರ ಸಾರ. ನರಕದಿಂದ ಸ್ವರ್ಗಕ್ಕೆ ಬಂದ ಹಾಗಾಯಿತು ಎಂದು ವಾಲ್ಥರ್ ಆಮೇಲೆ ನೆನಪಿಸಿಕೊಂಡರು. ಭಾವನೆಯನ್ನು ನೆಚ್ಚಬೇಡ ಅಂದ ಪತ್ರ ಓದಿ ಹುಟ್ಟಿದ್ದೂ ಒಂದು ದೊಡ್ಡ ಭಾವನೆಯೇ. ಅದನ್ನು ವಾಲ್ಥರ್ ಮುಚ್ಚಿಡಲಿಲ್ಲ.

1838ರ ಕೊನೆಯಲ್ಲಿ ಸ್ಟೆಫಾನ್ ಅವರ ಹಿಂದೆ ನೂರಾರು ಜನ ಅಮೆರಿಕಕ್ಕೆ ಹಡಗು ಹತ್ತಿದರು. ಮಿಸೂರಿ ತಲುಪಿದ ಕೆಲವೇ ತಿಂಗಳಲ್ಲಿ, 1839ರ ಮೇನಲ್ಲಿ, ದುರ್ನಡತೆಯ ಆರೋಪದ ಮೇಲೆ ಸ್ಟೆಫಾನ್ ಅವರನ್ನೇ ಹೊರಹಾಕಬೇಕಾಯಿತು. ಜನ ಕುಸಿದುಹೋದರು. ನಾವು ಬಂದದ್ದೇ ಪಾಪವಾ? ನಮ್ಮದು ಸಭೆಯೇ ಹೌದಾ? ನಮ್ಮ ಪಾದ್ರಿಗಳು ಪಾದ್ರಿಗಳಾ? 1841ರಲ್ಲಿ ಆಲ್ಟನ್‌ಬರ್ಗ್ ಎಂಬ ಹಳ್ಳಿಯಲ್ಲಿ ವಾದ ನಡೆಯಿತು. ನಾವು ದಾರಿ ತಪ್ಪಿದ್ದು ನಿಜ, ಆದರೂ ದೇವರ ವಾಕ್ಯ ಮತ್ತು ಸಂಸ್ಕಾರಗಳು (ದೀಕ್ಷಾಸ್ನಾನ, ಕರ್ತನ ಭೋಜನ) ನಮ್ಮ ಮಧ್ಯದಲ್ಲಿ ಇರುವುದರಿಂದ ಸಭೆಯೂ ಇಲ್ಲಿದೆ ಎಂದು ವಾಲ್ಥರ್ ವಾದಿಸಿದರು. ವಿದ್ಯಾರ್ಥಿಯಾಗಿ ಒಬ್ಬನೇ ಕಲಿತದ್ದನ್ನು ಈಗ ಒಂದಿಡೀ ಸಮುದಾಯಕ್ಕೆ ಹೇಳಿದರು. 1847ರಲ್ಲಿ ಮಿಸೂರಿ ಸಿನಡ್ ಎಂಬ ಲೂಥರನ್ ಸಭೆಗಳ ಒಕ್ಕೂಟ ಹುಟ್ಟಿತು. ವಾಲ್ಥರ್ ಮೊದಲ ಅಧ್ಯಕ್ಷರು.

ಮುಪ್ಪಿನಲ್ಲಿ, 1884-85ರಲ್ಲಿ, ಸೇಂಟ್ ಲೂಯಿಸ್‌ನ ಸೆಮಿನರಿಯಲ್ಲಿ ಶುಕ್ರವಾರ ಸಂಜೆ ವಿದ್ಯಾರ್ಥಿಗಳಿಗೆ ಧರ್ಮಶಾಸ್ತ್ರ ಮತ್ತು ಸುವಾರ್ತೆಯ (ಕ್ಷಮೆಯ ವಾಗ್ದಾನದ) ಬಗ್ಗೆ ಉಪನ್ಯಾಸ ಕೊಟ್ಟರು. ಒಟ್ಟು 25 ಸೂತ್ರಗಳು. ಒಂಬತ್ತನೆಯದೇ ನಮ್ಮ ವಿಷಯ. ಧರ್ಮಶಾಸ್ತ್ರದಿಂದ ಹೆದರಿ ನಡುಗುತ್ತಿರುವವನನ್ನು ವಾಕ್ಯ ಮತ್ತು ಸಂಸ್ಕಾರಗಳ ಕಡೆಗೆ ತೋರಿಸದೆ, 'ದೇವರು ಸ್ವೀಕರಿಸಿದ್ದಾನೆ ಅಂತ ಅನಿಸುವ ತನಕ ಪ್ರಾರ್ಥಿಸು, ಹೋರಾಡು' ಎಂದು ಕಳಿಸಿದರೆ ಅದು ತಪ್ಪು ಬೋಧನೆ. ಅವರ ಕಣ್ಣೆದುರಿಗೆ ಇದ್ದದ್ದು ಅಮೆರಿಕದ ಉಜ್ಜೀವನ ಕೂಟಗಳು. ಮುಂದಿನ ಬೆಂಚಿಗೆ ಕರೆದು, ಅಳಿಸಿ, ಹಾಡಿ, 'ಈಗ ಅನಿಸಿತಾ?' ಎಂದು ಕೇಳುವ ಪದ್ಧತಿ. ವಾಲ್ಥರ್ ಅಪೊಸ್ತಲರ ಕೃತ್ಯಗಳನ್ನು ಬಿಚ್ಚಿ ತೋರಿಸಿದರು. ಫಿಲಿಪ್ಪಿಯ ಸೆರೆಮನೆಯ ಯಜಮಾನ ನಡುಗುತ್ತಾ, ರಕ್ಷಣೆ ಹೊಂದಲು ಏನು ಮಾಡಬೇಕು ಎಂದು ಕೇಳಿದ. ಪೌಲ ಅವನನ್ನು ಇಡೀ ರಾತ್ರಿ ಹೋರಾಡು ಅನ್ನಲಿಲ್ಲ. ಕರ್ತನಾದ ಯೇಸುವನ್ನು ನಂಬು ಅಂದ. ಅದೇ ರಾತ್ರಿ ದೀಕ್ಷಾಸ್ನಾನವೂ ಆಯಿತು.

ಇಲ್ಲಿ ನಮ್ಮ ಊರಿನ ಒಂದು ಕೊಂಡಿ ಇದೆ. ವಾಲ್ಥರ್ ಹುಟ್ಟಿದ ಅದೇ 1811ರಲ್ಲಿ ವ್ಯುರ್ಟೆಂಬರ್ಗ್ ಸೀಮೆಯಲ್ಲಿ ಹರ್ಮನ್ ಮೊಗ್ಲಿಂಗ್ ಹುಟ್ಟಿದರು. ಅವರೂ ಓದುವ ವಯಸ್ಸಿನಲ್ಲಿ ಭಕ್ತಿವಾದದ ಉಜ್ಜೀವನಕ್ಕೆ ಸಿಕ್ಕಿದವರು. ಒಬ್ಬರು ಮಿಸೂರಿಗೆ ಹೋದರು, ಇನ್ನೊಬ್ಬರು 1836ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ 'ಮಂಗಳೂರ ಸಮಾಚಾರ' ಶುರುಮಾಡಿದರು. ಮೊಗ್ಲಿಂಗ್ ಅವರನ್ನು ಕಳಿಸಿದ ಬಾಸೆಲ್ ಮಿಷನ್ ಅಪ್ಪಟ ಲೂಥರನ್ ಸಂಸ್ಥೆ ಅಲ್ಲ, ಲೂಥರನ್ನರೂ ರಿಫಾರ್ಮ್ಡ್ ಪಂಗಡದವರೂ ಅದರಲ್ಲಿ ಬೆರೆತಿದ್ದರು. ಆದರೆ ಅದರ ಉಸಿರು ವ್ಯುರ್ಟೆಂಬರ್ಗ್‌ನ ಭಕ್ತಿವಾದ. ಅಲ್ಲಿ ಮಿಷನರಿ ಆಗಲು ಅರ್ಜಿ ಹಾಕುವವನು ತನ್ನ ಜೀವನಕಥೆ ಬರೆದು ಕೊಡಬೇಕಿತ್ತು, ಅದರಲ್ಲಿ ಮನಸ್ಸು ತಿರುಗಿದ ಕಥೆ ಇರಬೇಕಿತ್ತು. ಕರಾವಳಿಯ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಸಾಕ್ಷಿ ಹೇಳುವ ರೂಢಿಗೆ ಎಷ್ಟು ಆಳದ ಬೇರು ಇದೆ ಅಂತ ಇದರಿಂದ ಊಹಿಸಬಹುದು. ಅದನ್ನು ತಪ್ಪು ಅನ್ನಲು ನಾನು ಇಲ್ಲಿ ನಿಂತಿಲ್ಲ. ಸಾಕ್ಷಿ ಹೇಳುವುದು ಬೇರೆ, ಅದನ್ನು ಪ್ರವೇಶಪರೀಕ್ಷೆ ಮಾಡುವುದು ಬೇರೆ.

ಇನ್ನು ವಾಲ್ಥರ್ ಕಡೆಯವರಿಗೂ ಒಂದು ಮಾತು ಹೇಳಲೇಬೇಕು. 'ಭಾವನೆ ಬೇಡ, ಸತ್ಯವೇದ ಸಾಕು' ಎಂದು ಜೋರಾಗಿ ಹೇಳುವ ಸಭೆಗಳಲ್ಲಿ ಒಂದು ಹೊಸ ಕಾಟ ಶುರುವಾಗುತ್ತದೆ. 'ನನಗೆ ಅನಿಸುತ್ತಾ?' ಅನ್ನುವ ಪ್ರಶ್ನೆ ಹೋಗಿ, 'ನಾನು ಸರಿಯಾಗಿ ನಂಬುತ್ತಿದ್ದೇನಾ?' ಅನ್ನುವ ಪ್ರಶ್ನೆ ಬರುತ್ತದೆ. ಕಾಟ ಮಾತ್ರ ಅದೇ. ಇದಕ್ಕೆ ಲೂಥರ್ 1528ರಲ್ಲೇ ಉತ್ತರ ಬರೆದಿದ್ದರು. ಪುನಃ ದೀಕ್ಷಾಸ್ನಾನ ಕೊಡುವವರ ವಿರುದ್ಧ ಬರೆಯುತ್ತಾ ಅವರು ಹೇಳಿದರು: ನಂಬಿಕೆ ಇರುವುದು ಒಂದು, ತನ್ನ ನಂಬಿಕೆಯ ಮೇಲೆ ನೆಚ್ಚಿಕೊಳ್ಳುವುದು ಇನ್ನೊಂದು. ನಂಬುವವನಿಗೆ ತನ್ನ ನಂಬಿಕೆ ಎಷ್ಟಿದೆ ಅಂತ ಗೊತ್ತಿಲ್ಲದೆಯೂ ಇರಬಹುದು. ಈ ಸಾಲು ಗೊತ್ತಿದ್ದಿದ್ದರೆ ಎಷ್ಟೋ ಖಂಡನೆಯ ಪುಸ್ತಕಗಳು ತೆಳ್ಳಗಾಗುತ್ತಿದ್ದವು.

ಜಗಳ ಈಗಲೂ ಮುಗಿದಿಲ್ಲ. ಫಿನ್ಲೆಂಡಿನ ದೇವಶಾಸ್ತ್ರಜ್ಞ ತುವೊಮೊ ಮನ್ನೆರ್ಮಾ, ರಷ್ಯದ ಆರ್ಥಡಾಕ್ಸ್ ಸಭೆಯ ಜೊತೆಗಿನ ಮಾತುಕತೆಯ ಹಿನ್ನೆಲೆಯಲ್ಲಿ ಲೂಥರ್ ಅವರನ್ನು ಮತ್ತೆ ಓದಿ, ನಂಬಿಕೆಯಲ್ಲೇ ಕ್ರಿಸ್ತ ಇದ್ದಾನೆ ಎಂಬುದನ್ನು ಮುಂದೆ ತಂದರು. 'ಇದು ಓಸಿಯಾಂಡರ್ ಅಲ್ಲವಾ?' ಎಂದು ಟೀಕಾಕಾರರು ತಕ್ಷಣ ಕೇಳಿದರು. 1999ರ ಅಕ್ಟೋಬರ್ 31ರಂದು ಲೂಥರನ್ ವಿಶ್ವ ಒಕ್ಕೂಟ ಮತ್ತು ಕ್ಯಾಥೊಲಿಕ್ ಸಭೆ ನೀತಿವಂತರೆಂಬ ನಿರ್ಣಯದ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದವು. ಎಲ್ಲಿ ಗೊತ್ತಾ? ಕಯೆತಾನ್ ಕೂತಿದ್ದ ಅದೇ ಔಗ್ಸ್‌ಬರ್ಗ್‌ನಲ್ಲಿ. ಅದರಲ್ಲಿ ರಕ್ಷಣೆಯ ಭರವಸೆಗೆಂದೇ ಒಂದು ಭಾಗ ಇದೆ. ಕ್ರಿಸ್ತನನ್ನು ನೋಡಿದಾಗ ಭರವಸೆ ಇದೆ, ತನ್ನನ್ನು ನೋಡಿಕೊಂಡರೆ ಭದ್ರತೆ ಇಲ್ಲ ಎಂದು ಅಲ್ಲಿ ಲೂಥರನ್ನರ ಕಡೆಯ ಮಾತನ್ನು ದಾಖಲಿಸಿದ್ದಾರೆ. ವಾಲ್ಥರ್ ಅವರ ಮಿಸೂರಿ ಸಿನಡ್ ಮಾತ್ರ ಈ ಒಪ್ಪಂದವನ್ನು ಒಪ್ಪಲಿಲ್ಲ.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಒಬ್ಬರು ಕೇಳಿದರು: "ಸರ್, ನೀವು ಹೇಳಿದ್ದೆಲ್ಲ ಪಾಪದ ಭಾರದಿಂದ ಒದ್ದಾಡುವವರ ಕಥೆ. ನನಗೆ ಆ ಭಾರವೇ ಅನಿಸುವುದಿಲ್ಲ. ಆರಾಮಾಗಿದ್ದೇನೆ. ನನಗೆ ಇದರಲ್ಲಿ ಏನಿದೆ?"

ಒಳ್ಳೆಯ ಪ್ರಶ್ನೆ. ಲೂಥರ್‌ಗೂ ಇದೇ ಪ್ರಶ್ನೆ ಬಂದಿತ್ತು. ಕರ್ತನ ಭೋಜನಕ್ಕೆ ಹೋಗಬೇಕು ಅಂತ ನನಗೆ ಹಸಿವೇ ಆಗುವುದಿಲ್ಲ ಅನ್ನುವವರಿಗೆ 1529ರ ದೊಡ್ಡ ಪ್ರಶ್ನೋತ್ತರ ಪುಸ್ತಕದಲ್ಲಿ ಅವರು ಉತ್ತರ ಕೊಟ್ಟಿದ್ದಾರೆ. ಅನಿಸುವ ತನಕ ಕಾಯಿ ಅಂತ ಹೇಳಲಿಲ್ಲ. ಅಂಗಿಯೊಳಗೆ ಕೈ ಹಾಕಿ ನೋಡಿಕೋ, ರಕ್ತಮಾಂಸ ಇನ್ನೂ ಇದೆಯಾ ಅಂದರು. ಇದ್ದರೆ, ಅದರ ಬಗ್ಗೆ ಪೌಲ ಗಲಾತ್ಯದವರಿಗೆ ಏನು ಬರೆದಿದ್ದಾನೆ ಓದು. ಏನೂ ಅನಿಸದಿದ್ದರೆ ಸತ್ಯವೇದವನ್ನಾದರೂ ನಂಬು, ನಿನ್ನ ಶರೀರ ನಿನಗಿಂತ ಅದಕ್ಕೆ ಚೆನ್ನಾಗಿ ಗೊತ್ತು. ಆಮೇಲೆ ಸುತ್ತಮುತ್ತ ಒಮ್ಮೆ ಕಣ್ಣಾಡಿಸು, ನೀನು ಇನ್ನೂ ಲೋಕದಲ್ಲೇ ಇದ್ದೀಯಾ ಅಂತ.